ಮನೆಯ ಮಾಂಸದ ಕೆಲಸಕ್ಕೆ ಒಂದು ಒಳ್ಳೆಯ ಪೀಶಕತ್ತಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ರೈತರ ಮನೆಗಳಲ್ಲಿ ಕತ್ತಿಗಳಿಗೆ ಕೊರತೆಯಿಲ್ಲ. ಸೊಪ್ಪು ಕಡಿಯಲು ಒಂದು, ಹುಲ್ಲು ಕೊಯ್ಯಲು ಒಂದು, ತರಕಾರಿ ಹೆಚ್ಚಲು ಮತ್ತು ಮೀನು ಕೊಯ್ಯಲು ಮೆಟ್ಟುಕತ್ತಿ, ರಬ್ಬರು ಇದ್ದವರಲ್ಲಿ ಟ್ಯಾಪಿಂಗ್ ಚಾಕು. ಇಷ್ಟೆಲ್ಲ ಇದ್ದರೂ ಊರ ಕೋಳಿಯನ್ನು ಶುಚಿ ಮಾಡುವಾಗ ಅಥವಾ ಆಡು, ಹಂದಿ ಕಡಿದ ದಿನ ಸುಲಿಯುವ ಹೊತ್ತಿಗೆ ಕೈಗೆ ಸಿಗುವುದು ಅಡುಗೆಮನೆಯ ಮೊಂಡು ಚಾಕು, ಇಲ್ಲವೆ ಆ ಕೆಲಸಕ್ಕೆ ತೀರ ದೊಡ್ಡದಾದ ಸೊಪ್ಪಿನ ಕತ್ತಿ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗುವುದರಿಂದ ಅದು ಜಾರಿ ಕೈ ಕೊಯ್ಯುತ್ತದೆ. ದೊಡ್ಡ ಕತ್ತಿಯ ಮೊನೆ ಹೊಟ್ಟೆಯೊಳಗೆ ಎಲ್ಲಿಗೆ ತಾಗಿತೆಂದು ತಿಳಿಯದೆ ಕರುಳು ಒಡೆದು, ಮಾಂಸವೆಲ್ಲ ಮಲಿನವಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಹಾಗೆ ಮಲಿನವಾದ ಮಾಂಸ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಹಾರೆ, ಗುದ್ದಲಿ, ನೇಗಿಲುಗಳ ಬಗೆಗೆ ವಿಸ್ತರಣಾ ಸಾಹಿತ್ಯದಲ್ಲಿ ಬಂದಷ್ಟು ವಿಚಾರ ಈ ಸಣ್ಣ ಉಪಕರಣದ ಬಗೆಗೆ ಬಂದಿಲ್ಲವಾದ್ದರಿಂದ ಈ ಲೇಖನ.

ಇಲ್ಲಿ ಹೇಳಹೊರಟಿರುವುದು ಮಡಚುವ ಚಾಕುವಿನ ವಿಷಯವಲ್ಲ. ಮಡಚುವ ಚಾಕುವಿನ ಕೀಲಿನೊಳಗೆ ರಕ್ತ ಮತ್ತು ಕೊಬ್ಬು ಸೇರಿಕೊಂಡರೆ ತೊಳೆದು ತೆಗೆಯುವುದು ಕಷ್ಟ. ಒತ್ತಡ ಬಿದ್ದಾಗ ಅದು ಬೆರಳಿನ ಮೇಲೆಯೇ ಮಡಚಿಕೊಳ್ಳುವ ಸಂಭವವೂ ಉಂಟು. ಹಿಡಿಗೆ ಭದ್ರವಾಗಿ ಕೂಡಿಸಿದ, ನಮ್ಮಲ್ಲಿ ಪೀಶಕತ್ತಿ ಎಂದೂ ತುಳುವಿನಲ್ಲಿ ಬಿಸತ್ತಿ ಎಂದೂ ಕರೆಯುವ ನೇರ ಅಲಗಿನ ಸಣ್ಣ ಕತ್ತಿಯೇ ಈ ಕೆಲಸಕ್ಕೆ ತಕ್ಕುದು. ಅಡಿಕೆ ತೋಟದ ಆಳಿನ ಒಂದು ದಿನದ ಕೂಲಿಗಿಂತ ಹೆಚ್ಚು ಹಣ ಇದಕ್ಕೆ ಬೀಳಬಾರದು ಎಂಬುದು ನನ್ನ ಅಭಿಪ್ರಾಯ.

ಬೇಟೆಯ ಮಾತು

ಇಂತಹ ಕತ್ತಿಯನ್ನು ಹಿಂದಿನವರು ಬೇಟೆಗೂ ಕೊಂಡೊಯ್ಯುತ್ತಿದ್ದರು. ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಹಾಕುವುದು, ಬಲೆ ಒಡ್ಡುವುದು, ಗಾಯಗೊಳಿಸುವುದು ಇವೆಲ್ಲವೂ ಬೇಟೆಯೇ. ತೋಟಕ್ಕೆ ನುಗ್ಗಿ ಅಡಿಕೆ ಸಸಿ ಕೀಳುವ, ಗದ್ದೆ ಹೊರಳಾಡಿಸುವ ಕಾಡುಹಂದಿಯೂ ಈ ಕಾಯ್ದೆಯ ಪಟ್ಟಿಯಲ್ಲಿದೆ. ಅಧಿಕಾರವುಳ್ಳವರ ಲಿಖಿತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತಿಲ್ಲ. ಬೇಲಿಗೆ ಸಿಕ್ಕಿಯೋ ರಸ್ತೆಯಲ್ಲಿ ವಾಹನ ಬಡಿದೋ ಸತ್ತ ಕಾಡುಪ್ರಾಣಿಯೂ ಸರಕಾರದ ಸೊತ್ತು. ಅದರ ಮಾಂಸವನ್ನು ಮನೆಗೆ ತಂದರೆ ಸೆರೆಮನೆಯ ಶಿಕ್ಷೆಗೆ ಗುರಿಯಾಗಬೇಕಾಗುತ್ತದೆ. ಬೆಳೆಹಾನಿಯಾದಲ್ಲಿ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡುವುದೇ ದಾರಿ. ಚಾರ್ಮಾಡಿ, ಕುದುರೆಮುಖದ ಕಾಡಂಚಿನಲ್ಲಿರುವ ರೈತರ ಸಂಕಟ ದೊಡ್ಡದು ಎಂಬುದು ನಿಜ. ಆದರೆ ಅದಕ್ಕೆ ಪರಿಹಾರ ಪೀಶಕತ್ತಿಯಲ್ಲಿಲ್ಲ. ಆದುದರಿಂದ ಮುಂದೆ ಹೇಳುವುದೆಲ್ಲ ಮನೆಯಲ್ಲಿ ಸಾಕಿದ ಕೋಳಿ, ಆಡು, ಹಂದಿಗಳನ್ನು ಮನೆಯ ಉಪಯೋಗಕ್ಕೆ ಮಾಂಸ ಮಾಡುವವರಿಗೆ ಮಾತ್ರ.

ಕತ್ತಿ ಇಟ್ಟುಕೊಳ್ಳಲು ಲೈಸೆನ್ಸು ಬೇಕೆ ಎಂದು ಕೇಳುವವರಿದ್ದಾರೆ. 1959ರ ಆಯುಧ ಕಾಯ್ದೆಯು ಮನೆವಾರ್ತೆಗೆ ಮತ್ತು ಬೇಸಾಯಕ್ಕೆಂದೇ ರೂಪಿಸಿದ ಸಲಕರಣೆಗಳನ್ನು ಆಯುಧವೆಂದು ಎಣಿಸುವುದಿಲ್ಲ. 2016ರ ಆಯುಧ ನಿಯಮಗಳಲ್ಲಿ ಹೆಸರಿಸಿರುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ, ಇಂತಹ ಉಪಯೋಗಕ್ಕಲ್ಲದ ಕತ್ತಿಗಳನ್ನು. ನಮಗೆ ಬೇಕಾದುದು ಅದರ ಅರ್ಧದಷ್ಟೂ ಇಲ್ಲ. ಆದರೂ ಬಸ್ಸಿನಲ್ಲಿ, ಸಂತೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದು ಸಲ್ಲದು. ಒರೆಯಲ್ಲಿಟ್ಟು ಚೀಲದೊಳಗೆ ಕಟ್ಟಿಡಬೇಕು.

ಅಳತೆ ಮತ್ತು ಆಕಾರ

ಸಾಮಾನ್ಯವಾಗಿ ಜನ ದೊಡ್ಡ ಕತ್ತಿಯೇ ಒಳ್ಳೆಯದೆಂದು ಭಾವಿಸುತ್ತಾರೆ. ಸುಲಿಯುವ ಕೆಲಸದಲ್ಲಿ ಇದು ತಪ್ಪು. ಉತ್ತರ ಯುರೋಪಿನ ಸ್ವೀಡನ್ ದೇಶದಲ್ಲಿ ಕುದುರೆಯಷ್ಟು ಎತ್ತರದ ಮೂಸ್ ಎಂಬ ಜಿಂಕೆಯನ್ನು ಬೇಟೆಯಾಡುವ ರೂಢಿಯಿದೆ. ಅಲ್ಲಿನ ಮೋರಾ ಎಂಬ ಊರಿನ ಹೆಸರಿನಿಂದ ಲೋಕಪ್ರಸಿದ್ಧವಾದ ಅಗ್ಗದ ಕೆಲಸದ ಚಾಕುವಿನ ಅಲಗು ಸುಮಾರು 10 ಸೆಂ.ಮೀ. ಮಾತ್ರ. ಅಷ್ಟು ದೊಡ್ಡ ಪ್ರಾಣಿಗೆ ಸಾಲುವುದು ನಮ್ಮ ಆಡಿಗೆ ಸಾಲದೆ ಇರದು. ಅಲಗು 9ರಿಂದ 11 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲ ಇದ್ದು, ಬೆನ್ನಿನ ದಪ್ಪ 2.5ರಿಂದ 3 ಮಿ.ಮೀ. ಇದ್ದರೆ ಸಾಕು. ಬರಿಯ ಕೋಳಿಗಾದರೆ 8 ಸೆಂ.ಮೀ. ಉದ್ದವೂ 2 ಮಿ.ಮೀ. ದಪ್ಪವೂ ಇನ್ನೂ ಉತ್ತಮ. ಬೆನ್ನು 4 ಮಿ.ಮೀ. ಮೀರಿದರೆ ಅದು ಕೊಯ್ಯುವ ಬದಲು ಸೀಳತೊಡಗುತ್ತದೆ.

ಮೊನೆಯ ವಿಷಯದಲ್ಲಿ ಹೆಚ್ಚು ಗಮನ ಬೇಕು. ಬೆನ್ನಿನ ಗೆರೆ ಮೊನೆಯ ಹತ್ತಿರ ಮೆಲ್ಲನೆ ಕೆಳಕ್ಕೆ ಇಳಿದು, ಬಾಯಿಯ ಗೆರೆ ಮೇಲಕ್ಕೆ ಬಾಗಿ, ಎರಡೂ ಕೂಡುವಂತಿರಬೇಕು. ಹೊಟ್ಟೆ ಸೀಳುವಾಗ ಕತ್ತಿಯ ಬಾಯಿಯನ್ನು ಮೇಲಕ್ಕೆ ತಿರುಗಿಸಿ, ಎಡಗೈಯ ಎರಡು ಬೆರಳುಗಳಿಂದ ಚರ್ಮವನ್ನು ಎತ್ತಿ ಹಿಡಿದು, ಆ ಬೆರಳುಗಳ ನಡುವೆ ಮೊನೆಯನ್ನು ನಡೆಸುವುದು ಕ್ರಮ. ಮೊನೆ ಇಳಿದಿದ್ದರೆ ಆಗ ಅದು ಕರುಳಿಗೆ ಚುಚ್ಚದೆ ಜಾರಿಹೋಗುತ್ತದೆ. ಠಾರಿಯಂತೆ ಮೇಲಕ್ಕೆದ್ದ ಚೂಪು ಮೊನೆ ನೋಡಲು ಚೆಂದ, ಕೆಲಸಕ್ಕೆ ತೊಂದರೆ. ಕೊಡಗಿನ ಪೀಚೆಕತ್ತಿಯ ಮಾದರಿಯಲ್ಲಿ ಬೆಳ್ಳಿಯ ಕಟ್ಟು ಹಾಕಿದ್ದು ಬೇಕೆನ್ನುವವರು ಅದನ್ನು ಉಡುಪಿನ ಭಾಗವಾಗಿ ಇಟ್ಟುಕೊಳ್ಳಲಿ.

ಅಲಗಿನ ಕಬ್ಬಿಣ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ಸಂತೆಯ ಅಗ್ಗದ ಚಾಕುಗಳಲ್ಲಿ ಬೆರಳಗಲದ ಬಾಲವೊಂದು ಪ್ಲಾಸ್ಟಿಕ್ಕಿನೊಳಗೆ ತುರುಕಿರುತ್ತದೆ. ಕೀಲಿನ ಎಲುಬನ್ನು ತಿರುಚುವಾಗ ಅದು ಕಳಚಿ ಬರುತ್ತದೆ. ಹಿಡಿಯ ತುದಿಯವರೆಗೂ ಒಂದೇ ತುಂಡು ಕಬ್ಬಿಣವಿದ್ದು, ಎರಡು ಬದಿಗೆ ಮರದ ಹಲಗೆ ಕೂಡಿಸಿ, ಮೂರು ರಿವಿಟ್ ಬಡಿದಿರುವುದು ಗಟ್ಟಿ. ಹಿಡಿಯ ಉದ್ದ 11ರಿಂದ 12 ಸೆಂ.ಮೀ. ಇರಲಿ. ಅಲಗಿನ ಕಡೆಯಲ್ಲಿ ತೋರುಬೆರಳಿಗೆ ತಡೆಯಾಗಿ ಹಿಡಿ ಸ್ವಲ್ಪ ಕೆಳಕ್ಕೆ ಉಬ್ಬಿರಬೇಕು. ರಕ್ತ, ಕೊಬ್ಬು ಹತ್ತಿದ ಕೈ ಮುಂದಕ್ಕೆ ಜಾರಿ ಬಾಯಿಯ ಮೇಲೆ ಬೀಳುವುದೇ ಈ ಕೆಲಸದ ದೊಡ್ಡ ಅಪಾಯ. ಹುಣಸೆ ಅಥವಾ ಹಲಸಿನ ಕಾಳಿನ ಹಿಡಿ ಚೆನ್ನಾಗಿ ಬಾಳುತ್ತದೆ. ಅದಕ್ಕೆ ಅಗಸೆ ಎಣ್ಣೆ ತಿಕ್ಕಿ ಒಣಗಿಸಬೇಕು. ನಮ್ಮಲ್ಲಿ ಮರಮಟ್ಟಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ವಾಡಿಕೆಯುಂಟು. ಕತ್ತಿಯ ಹಿಡಿಗೆ ಅದು ಬೇಡ. ಅದು ಚರ್ಮವನ್ನು ಸುಟ್ಟು ಬೊಕ್ಕೆ ಏಳಿಸುತ್ತದೆ, ಊಟದ ಪದಾರ್ಥಕ್ಕೂ ತಾಗಬಾರದು.

ಯಾವ ಉಕ್ಕು?

ಕಬ್ಬಿಣ ಗಟ್ಟಿಯಾಗುವುದು ಅದರೊಳಗಿನ ಇಂಗಾಲದಿಂದ. ಕಟ್ಟಡಕ್ಕೆ ಬಳಸುವ ಸರಳಿನಲ್ಲಿ ಇಂಗಾಲ ಶೇಕಡಾ 0.3ಕ್ಕಿಂತ ಕಡಿಮೆ. ಅದರಿಂದ ಮಾಡಿದ ಕತ್ತಿಗೆ ಎಂತಹ ಆಚಾರಿ ಹದ ಕೊಟ್ಟರೂ ಬಾಯಿ ನಿಲ್ಲದು. ಲಾರಿ, ಜೀಪುಗಳ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಶೇಕಡಾ 0.5ರಿಂದ 0.6ರಷ್ಟಿರುತ್ತದೆ. ಪೀಶಕತ್ತಿಗೆ ಇದು ಯೋಗ್ಯ. ಬಿ.ಸಿ.ರೋಡಿನಲ್ಲಿ ಬೆಂಗಳೂರಿನ ಹೆದ್ದಾರಿಯಿಂದ ಧರ್ಮಸ್ಥಳ, ಚಾರ್ಮಾಡಿ ಕಡೆಯ ಹೆದ್ದಾರಿ ಕವಲೊಡೆಯುತ್ತದೆ. ಲಾರಿಗಳು ಇಷ್ಟು ಓಡಾಡುವ ಕಡೆ ತುಂಡಾದ ಪಟ್ಟಿ ಗುಜರಿಯಲ್ಲಿ ಸಿಗದೆ ಇರುವುದಿಲ್ಲ. ಆದರೆ ಪಟ್ಟಿ ತುಂಡಾದ ಜಾಗದ ಹತ್ತಿರದ ಕಬ್ಬಿಣವನ್ನು ಬಿಟ್ಟು, ಕಣ್ಣಿಗೆ ಕಾಣುವ ಬಿರುಕಿಲ್ಲದ ಭಾಗವನ್ನು ಆರಿಸಬೇಕು. ಹಳೆಯ ಅರದಲ್ಲಿ ಇಂಗಾಲ ಇನ್ನೂ ಹೆಚ್ಚು, ಶೇಕಡಾ 1ಕ್ಕೂ ಮೇಲೆ. ಅದರ ಕತ್ತಿಯ ಬಾಯಿ ಬಹುಕಾಲ ನಿಲ್ಲುತ್ತದೆ. ಆದರೆ ಹದ ತಪ್ಪಿದರೆ ಗಾಜಿನಂತೆ ಮುರಿಯುತ್ತದೆ, ಕೆಲಸ ಬಲ್ಲ ಆಚಾರಿಗೆ ಮಾತ್ರ ಕೊಡಬೇಕು.

ಗುರುತಿಲ್ಲದ ಕಬ್ಬಿಣವನ್ನು ಗ್ರೈಂಡರಿಗೆ ಹಿಡಿದು ನೋಡಬಹುದು. ಮೆದು ಕಬ್ಬಿಣದ ಕಿಡಿ ಉದ್ದವಾಗಿ, ನೇರವಾಗಿ ಹಾರುತ್ತದೆ. ಇಂಗಾಲ ಹೆಚ್ಚಿದಂತೆ ಕಿಡಿಯ ತುದಿ ನಕ್ಷತ್ರಕಡ್ಡಿಯಂತೆ ಕವಲೊಡೆದು ಸಿಡಿಯುತ್ತದೆ. ಸರಳಿನ ತುಂಡೊಂದನ್ನೂ ಹಳೆಯ ಅರವೊಂದನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಮೊದಲ ಸಲವೇ ವ್ಯತ್ಯಾಸ ತಿಳಿಯುತ್ತದೆ.

ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ 13ರ ಸುಮಾರಿಗೆ ಇರುತ್ತದೆ. ಅಂಗಡಿಯ ಸಾಧಾರಣ ಚಾಕುಗಳೆಲ್ಲ ಈ ಬಗೆಯವು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ತುಕ್ಕು ಹಿಡಿಯದಿರುವುದು ಸಣ್ಣ ಗುಣವಲ್ಲ. ಆದರೆ ಅಗ್ಗದ ಸ್ಟೇನ್‌ಲೆಸ್ ಮೆದುವಾಗಿರುವುದರಿಂದ ಒಂದು ಆಡು ಸುಲಿಯುವುದರೊಳಗೆ ಎರಡು ಮೂರು ಸಲ ಮಸೆಯಬೇಕಾದೀತು. ಕೆಲಸ ಮುಗಿದ ಕೂಡಲೇ ಒರೆಸಿ ಎಣ್ಣೆ ಹಚ್ಚುವ ಒಬ್ಬನ ಕೈಯಲ್ಲಿ ಕತ್ತಿ ಇರುವುದಾದರೆ ಸ್ಪ್ರಿಂಗ್ ಪಟ್ಟಿಯದೇ ಲೇಸು. ಹತ್ತು ಕೈಗಳಲ್ಲಿ ತಿರುಗಿ ರಾತ್ರಿಯಿಡೀ ನೀರಿನ ಬೋಗುಣಿಯಲ್ಲಿ ಬಿದ್ದಿರುವ ಮನೆಯಲ್ಲಿ ಸ್ಟೇನ್‌ಲೆಸ್ ಕೊಳ್ಳುವುದೇ ವಿವೇಕ.

ಆಚಾರಿಯ ಕುಲುಮೆಯಲ್ಲಿ

ಕತ್ತಿಯ ಬೆಲೆಯಿರುವುದು ಹದದಲ್ಲಿ. ಒಂದೇ ಪಟ್ಟಿಯಿಂದ ಮಾಡಿದ ಎರಡು ಕತ್ತಿಗಳಲ್ಲಿ ಒಂದು ವರ್ಷಗಟ್ಟಲೆ ಬಾಳಿ ಇನ್ನೊಂದು ವಾರದಲ್ಲೇ ಮಡಚಿಕೊಳ್ಳುವುದಕ್ಕೆ ಕಾರಣ ಇದೇ. ಬಡಿದು ಆಕಾರ ಕೊಟ್ಟ ಮೇಲೆ ಅಲಗನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಬೇಕು. ಎಷ್ಟು ಕಾಯಬೇಕೆಂಬುದಕ್ಕೆ ಅಯಸ್ಕಾಂತವೊಂದು ಸುಲಭದ ಅಳತೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೊಂದಿಷ್ಟು, 830ರಿಂದ 850 ಡಿಗ್ರಿಯವರೆಗೆ, ಕಾಯಿಸಿ ತೆಗೆಯಬೇಕು. ಬಿಸಿಲಿನಲ್ಲಿ ಕೆಂಪಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹದ ಕೊಡುವ ಕೆಲಸ ನೆರಳಿನಲ್ಲಿ ಅಥವಾ ಸಂಜೆಯಲ್ಲಿ ಆಗಬೇಕೆಂದು ಹಳೆಯ ಆಚಾರಿಗಳು ಹೇಳುವುದಕ್ಕೆ ಆಧಾರವಿದೆ. ಸ್ಪ್ರಿಂಗ್ ಪಟ್ಟಿಯನ್ನು ನೀರಿಗೆ ಅದ್ದಿದರೆ ತೆಳು ಬಾಯಿ ಬಿರುಕು ಬಿಡುವ ಭಯವಿರುವುದರಿಂದ ಎಣ್ಣೆಯಲ್ಲಿ ತಣಿಸಲು ಕೇಳಿಕೊಳ್ಳಬೇಕು.

ಹೀಗೆ ತಣಿಸಿದ ಅಲಗು ಗಟ್ಟಿ, ಆದರೆ ಪೆಡಸು. ಅದನ್ನು ಉಜ್ಜಿ ಹೊಳಪು ಬರಿಸಿ, ಮತ್ತೆ ಮೆಲ್ಲಗೆ ಕಾಯಿಸಿದಾಗ ಬಣ್ಣಗಳು ಒಂದೊಂದಾಗಿ ಮೂಡುತ್ತವೆ. ಒಣಹುಲ್ಲಿನ ಬಣ್ಣ ಬಂದಾಗ, ಅಂದರೆ 220ರಿಂದ 230 ಡಿಗ್ರಿಯಲ್ಲಿ, ನಿಲ್ಲಿಸಿದರೆ ಪೀಶಕತ್ತಿಗೆ ತಕ್ಕ ಹದ. ನೀಲಿ ಬಣ್ಣ ಬರುವವರೆಗೆ, ಅಂದರೆ 300 ಡಿಗ್ರಿಯ ಹತ್ತಿರ, ಬಿಟ್ಟರೆ ಸೊಪ್ಪಿನ ಕತ್ತಿಗೆ ಒಪ್ಪುವ ಬಾಗುವ ಗುಣ ಬರುತ್ತದೆ. ಆದರೆ ಸಣ್ಣ ಕತ್ತಿಯ ಬಾಯಿ ಬೇಗ ಮೊಂಡಾಗುತ್ತದೆ. ಸೊಪ್ಪಿನ ಕತ್ತಿಯನ್ನೇ ಹೆಚ್ಚಾಗಿ ಮಾಡುವ ಆಚಾರಿಗೆ ಈ ವ್ಯತ್ಯಾಸವನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಕೋಳಿ ಅಂಕದ ಬಾಳಿನಂತಹ ಕೂರಾದ ಅಲಗು ಮಾಡಬಲ್ಲ ಕೈಗಳು ನಮ್ಮ ಕುಲುಮೆಗಳಲ್ಲಿವೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಾಣಿಗಳನ್ನು ಕಾದಾಡಿಸುವುದನ್ನು ಅಪರಾಧವೆಂದು ಎಣಿಸುತ್ತದೆ. ಆ ಕೌಶಲಕ್ಕೆ ಇಂತಹ ಕೆಲಸ ಸಿಗುವುದು ಎಷ್ಟೋ ಮೇಲು.

ಸಿದ್ಧವಾದ ಕತ್ತಿಯನ್ನು ಹಣ ಕೊಡುವ ಮೊದಲು ಪರೀಕ್ಷಿಸಬೇಕು. ಹೊಸ ಅರವನ್ನು ಬಾಯಿಯ ಹತ್ತಿರ ಮೆಲ್ಲಗೆ ಎಳೆದಾಗ ಕಚ್ಚಿ ಹಿಡಿದು ಪುಡಿ ಉದುರಿಸಿದರೆ ಹದ ಸಾಲದು. ಬಹುಮಟ್ಟಿಗೆ ಜಾರಿದರೆ ಸರಿ. ಇನ್ನೊಂದು ಪರೀಕ್ಷೆ ಮಸೆದ ನಂತರದ್ದು. ಬೆರಳಿಗಿಂತ ತೆಳುವಾದ ಹಿತ್ತಾಳೆಯ ಸರಳಿನ ಮೇಲೆ ಕತ್ತಿಯ ಬಾಯಿಯನ್ನು ಓರೆಯಾಗಿಟ್ಟು ಒತ್ತಿದರೆ ಬಾಯಿಯ ಅಂಚು ಕೂದಲೆಳೆಯಷ್ಟು ಉಬ್ಬುವುದು ಬೆಳಕಿನಲ್ಲಿ ಕಾಣುತ್ತದೆ. ಒತ್ತಡ ತೆಗೆದಾಗ ಉಬ್ಬು ಮಾಯವಾದರೆ ಹದ ಸರಿಯಾಗಿದೆ. ಹಾಗೆಯೇ ಉಳಿದರೆ ಮೆದು. ಅಂಚು ಚಕ್ಕೆಯೆದ್ದರೆ ಪೆಡಸು. ಮೆದುವಾದ ಕತ್ತಿಯನ್ನು ಮತ್ತೆ ತಣಿಸಿ ಹದ ಕೊಡಬಹುದು, ಪೆಡಸಾದುದನ್ನು ಇನ್ನೊಮ್ಮೆ ಕಾಯಿಸಿ ಸರಿಪಡಿಸಬಹುದು. ಎರಡಕ್ಕೂ ಆಚಾರಿ ಬೇಸರಿಸಬೇಕಾಗಿಲ್ಲ.

ಮಸೆಯುವುದು

ಎರಡು ಮುಖದ ಕಾರ್ಬೊರಂಡಂ ಕಲ್ಲೊಂದು ಮನೆಯಲ್ಲಿರಲಿ. ಅಲಗಿನ ಅಗಲ 25 ಮಿ.ಮೀ. ಇದ್ದರೆ, ಬೆನ್ನನ್ನು ಕಲ್ಲಿನಿಂದ 8 ಮಿ.ಮೀ. ಎತ್ತಿ ಹಿಡಿದಾಗ ಒಂದು ಬದಿಗೆ 19 ಡಿಗ್ರಿಯ ಹತ್ತಿರದ ಕೋನ ಸಿಗುತ್ತದೆ. ಈ ಕೆಲಸಕ್ಕೆ ಅದು ತಕ್ಕ ಕೋನ. ಅಷ್ಟೇ ದಪ್ಪದ ಮರದ ಬೆಣೆಯೊಂದನ್ನು ಕಲ್ಲಿನ ತುದಿಯಲ್ಲಿಟ್ಟು ಬೆನ್ನನ್ನು ಆಗಾಗ ಅದಕ್ಕೆ ತಾಗಿಸಿ ನೋಡಿದರೆ ಕೈಗೆ ಅಭ್ಯಾಸವಾಗುತ್ತದೆ. ಒಂದು ಬದಿಯನ್ನು ಮಸೆದಾಗ ಇನ್ನೊಂದು ಬದಿಯಲ್ಲಿ ಬೆರಳಿಗೆ ತಾಗುವ ಸಣ್ಣ ಎಳೆ ಏಳುತ್ತದೆ. ಅದು ಹಿಡಿಯಿಂದ ಮೊನೆಯವರೆಗೂ ಎದ್ದ ಮೇಲೆ ಬದಿ ಬದಲಿಸಿ, ನುಣುಪು ಮುಖದಲ್ಲಿ ಮುಗಿಸಿ, ಕಡೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಹತ್ತು ಸಲ ಎಳೆಯಬೇಕು. ಸಾಣೆ ಹಿಡಿಯುವವರ ಒಣ ಚಕ್ರಕ್ಕೆ ಕೊಟ್ಟಾಗ ಅಂಚು ನೀಲಿಯಾದರೆ ಅಷ್ಟು ಭಾಗದ ಹದ ಹೋಯಿತೆಂದೇ ಅರ್ಥ. ಆ ನೀಲಿ ಸವೆದು ಹೋಗುವವರೆಗೂ ಬಾಯಿ ನಿಲ್ಲುವುದಿಲ್ಲ.

ಬಳಸುವಾಗ

ಮೊದಲ ಸೀಳಿಗೆ ಮಾತ್ರ ಕತ್ತಿ ಬಳಸಿ, ಆಡಿನ ಚರ್ಮವನ್ನು ಆದಷ್ಟು ಮುಷ್ಟಿಯಿಂದ ಒತ್ತಿ ಬಿಡಿಸಬೇಕು. ಕತ್ತಿಯ ಗೀರು ಬಿದ್ದ ತೊಗಲಿಗೆ ಬೆಲೆ ಇಳಿಯುತ್ತದೆ. ಎಲುಬು ಕಡಿಯಲು ಪೀಶಕತ್ತಿ ಬಳಸಬಾರದು. ಮೊನೆಯಿಂದ ಕೀಲಿನ ಸಂದು ಹುಡುಕಿ ನರ ಕೊಯ್ದರೆ ಕಾಲು ತಾನಾಗಿ ಬಿಡುತ್ತದೆ. ಉಳಿದ ಎಲುಬಿಗೆ ಮಚ್ಚು ಇದೆ.

ಈ ಕತ್ತಿಯನ್ನು ತೋಟದ ಕೆಲಸಕ್ಕೆ ಒಯ್ಯಬಾರದು. ಕೀಟನಾಶಕದ ಪೊಟ್ಟಣ ಸೀಳಿದ ಕತ್ತಿಯಲ್ಲಿ ಕೋಳಿ ಕೊಯ್ಯುವುದು ಎಂತಹ ಅಪಾಯವೆಂದು ಹೇಳಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ತಯಾರಿಸುವಾಗ ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ, ತಾಮ್ರದ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂದು ನಾವೇ ರೈತರಿಗೆ ಕಲಿಸಿದ್ದೇವೆ. ಆ ಪರೀಕ್ಷೆಗೆ ಬೇರೆ ಹಳೆಯ ಚಾಕು ಇರಲಿ.

ಕತ್ತಿ ಹಚ್ಚಲೇಬಾರದ ಪ್ರಾಣಿ

ಎಷ್ಟು ಒಳ್ಳೆಯ ಕತ್ತಿಯಿದ್ದರೂ ತಾನಾಗಿ ಸತ್ತ ಪ್ರಾಣಿಯನ್ನು ಸೀಳಬಾರದು. ನಿನ್ನೆಯವರೆಗೆ ಮೇಯುತ್ತಿದ್ದ ಆಡು ಅಥವಾ ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ಅದು ನೆರಡಿ ರೋಗವಿರಬಹುದು. ಹೆಣವನ್ನು ತೆರೆದ ಕೂಡಲೇ ಗಾಳಿ ತಾಗಿ ಆ ರೋಗಾಣು ಗಟ್ಟಿ ಕವಚದ ಬೀಜಕಣಗಳಾಗಿ ಮಾರ್ಪಡುತ್ತದೆ. ಇವು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಸುಲಿದವನ ಕೈಯ ಗಾಯದ ಮೂಲಕ ಅವನಿಗೂ ರೋಗ ತಗಲುತ್ತದೆ. ಇಂತಹಲ್ಲಿ ಹೆಣವನ್ನು ಮುಟ್ಟದೆ, ನಾಯಿ ಕಾಗೆಗಳು ಹತ್ತಿರ ಬರದಂತೆ ನೋಡಿಕೊಂಡು, ಪಶುವೈದ್ಯರನ್ನು ಕರೆಸಬೇಕು.

ಕಾಡಿನಲ್ಲಿ ಸತ್ತುಬಿದ್ದ ಮಂಗದ ವಿಷಯವೂ ಹಾಗೆಯೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 1982-83ರಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನಲ್ಲಿ ಕಾಣಿಸಿಕೊಂಡು ಅನೇಕರ ಪ್ರಾಣ ತೆಗೆದುದನ್ನು ಹಿರಿಯರು ಮರೆತಿರಲಾರರು. ರೋಗ ಹರಡುವುದು ಮುಖ್ಯವಾಗಿ ಉಣುಗುಗಳ ಕಡಿತದಿಂದ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಸುತ್ತಲೇ ಇರುತ್ತವೆ. ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.

ಆರೋಗ್ಯವಾಗಿ ಕಾಣುವ ಹಂದಿಯ ಮೂತ್ರದಲ್ಲಿಯೂ ಇಲಿಜ್ವರದ ರೋಗಾಣು ಇರಬಹುದು. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿ ಕಾಲು, ಕೈ ಬಿರಿದವರು ಹಂದಿ ಶುಚಿ ಮಾಡುವಾಗ ರಬ್ಬರ್ ಕೈಚೀಲ ಹಾಕಿಕೊಳ್ಳಬೇಕು. ಕೆಲಸದ ನಡುವೆ ಕೈ ಕೊಯ್ದುಕೊಂಡರೆ ಸಾಬೂನು ನೀರಿನಿಂದ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಧನುರ್ವಾಯು ತಡೆಯುವ ಚುಚ್ಚುಮದ್ದಿಗೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸುಣ್ಣ, ಅರಸಿನ ಮೆತ್ತಿ ಸುಮ್ಮನಿರುವುದು ಸರಿಯಲ್ಲ.

ತೊಳೆದು ಇಡುವುದು

ಮೊದಲು ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ತಾಗಿದರೆ ರಕ್ತ ಗಟ್ಟಿಯಾಗಿ ಹಿಡಿಯ ಸಂದಿನಲ್ಲಿ ಕೂರುತ್ತದೆ. ಅನಂತರ ಸಾಬೂನು ಹಾಕಿ ಉಜ್ಜಿ, ಅಲಗಿಗೆ ಕುದಿನೀರು ಹೊಯ್ದು, ಕೂಡಲೇ ಒರೆಸಿ, ಒಲೆಯ ಹತ್ತಿರದ ಬೆಚ್ಚನೆಯ ಜಾಗದಲ್ಲಿ ಸ್ವಲ್ಪ ಹೊತ್ತು ಇಡಬೇಕು. ಪೂರ್ತಿ ಒಣಗಿದ ಮೇಲೆ ಒಂದು ತೊಟ್ಟು ತೆಂಗಿನೆಣ್ಣೆಯನ್ನು ಬಟ್ಟೆಗೆ ಹಚ್ಚಿ ಅಲಗಿಗೆ ಸವರಿದರೆ ಆಯಿತು. ಕೆಲವು ಸಲ ಬಳಸಿದ ಮೇಲೆ ಸ್ಪ್ರಿಂಗ್ ಪಟ್ಟಿಯ ಅಲಗು ಬೂದಿನೀಲಿ ಬಣ್ಣಕ್ಕೆ ತಿರುಗುತ್ತದೆ. ಇದು ತುಕ್ಕಲ್ಲ, ಉಜ್ಜಿ ತೆಗೆಯಬೇಕಾಗಿಲ್ಲ. ಕೆಂಪು ಪುಡಿ ಏಳುವುದು ಮಾತ್ರ ತುಕ್ಕು.

ಚರ್ಮದ ಒರೆ ಮಳೆಗಾಲದಲ್ಲಿ ತೇವ ಹೀರಿ ಬೂಸಲು ಹಿಡಿಯುತ್ತದೆ, ಹದಮಾಡುವಾಗ ಹಾಕಿದ ಲವಣಗಳಿಂದ ಅಲಗಿಗೆ ತುಕ್ಕು ತರುತ್ತದೆ. ಅಡಿಕೆ ಹಾಳೆಯ ಒರೆ ಬೇಸಿಗೆಗೆ ಆದೀತು. ವರ್ಷವಿಡೀ ಬಾಳುವುದು ಪಿವಿಸಿ ಪೈಪಿನ ಒರೆ. ನೀರಾವರಿಗೆ ಬಳಸಿ ಉಳಿದ ಒಂದು ಅಂಗುಲದ ಪೈಪನ್ನು ಅಲಗಿಗಿಂತ 2 ಸೆಂ.ಮೀ. ಉದ್ದಕ್ಕೆ ಕೊಯ್ದು, ಕುದಿಯುವ ನೀರಿನಲ್ಲಿ ಮೆತ್ತಗಾಗುವವರೆಗೆ ಅದ್ದಿಟ್ಟು, ಅಲಗಿನ ದಪ್ಪಕ್ಕಿಂತ ತುಸು ಹೆಚ್ಚಿನ ಮರದ ಪಟ್ಟಿಯನ್ನು ಒಳಗೆ ತೂರಿ, ಎರಡು ಹಲಗೆಗಳ ನಡುವೆ ಒತ್ತಿ ತಣಿಯಲು ಬಿಟ್ಟರೆ ಒರೆ ಸಿದ್ಧವಾಗುತ್ತದೆ. ಬೆಂಕಿಗೆ ನೇರವಾಗಿ ಹಿಡಿಯಬಾರದು, ಹೊಗೆ ವಿಷ. ಕೆಳತುದಿಯನ್ನು ಎರಡು ರಿವಿಟ್ಟಿನಿಂದ ಮುಚ್ಚಿ, ನೀರಿಳಿಯಲು ಸಣ್ಣ ತೂತೊಂದನ್ನು ಬಿಡಬೇಕು.